ಐದನೆಯ ಸಂಪುಟದ ಬೆನ್ನು

ಖಾನಾಪುರ
೪ ನವೆಂಬರ್ ೨೦೨೪

ಪ್ರಿಯ ಮಾಲಾ,

ಈ ಕಾಗದವನ್ನು ಕಲ್ಲಯ್ಯನ ಕೈಯಲ್ಲಿ ಕೊಟ್ಟಿದ್ದೇನೆ. ದಿನಾ ಖಾನಾಪುರದಿಂದ ಬೆಳಗಾವಿಗೆ ಬಂದು ನಿಮ್ಮ ಆಫೀಸಿನಲ್ಲಿ ಕೆಲಸ ಮಾಡುವ ಆ ಮನುಷ್ಯ ನಮ್ಮ ಓಣಿಯವನೇ ಎಂದು ಗೊತ್ತಾದದ್ದು ಮೊನ್ನೆ, ಅವನು ಹಂಚು ಕೊಳ್ಳಲು ನಮ್ಮ ವಖಾರಿಗೆ ಬಂದಾಗ. ಫೋನಿನಲ್ಲಿ ನಿನಗೆ ಎಷ್ಟೋ ಸಲ ಬರೆದು ಅಳಿಸಿದ್ದೇನೆ. ಈದಿಗೆ ನೀನೊಂದು ಚಂದ್ರನ ಚಿತ್ರ ಕಳಿಸುತ್ತೀಯ, ದೀಪಾವಳಿಗೆ ನಾನೊಂದು ಹಣತೆಯ ಚಿತ್ರ. ಅಲ್ಲಿಗೆ ನಮ್ಮ ವರ್ಷ ಮುಗಿಯುತ್ತದೆ. ಕಾಗದವಾದರೆ ಅಳಿಸಲು ಬರುವುದಿಲ್ಲ ಎಂದು ಪೆನ್ನು ಹಿಡಿದೆ.

ಫೇಸ್‌ಬುಕ್ಕಿನ ಓದುಗರ ಗುಂಪಿನಲ್ಲಿ ನೀನು ಬರೆಯುವುದನ್ನೆಲ್ಲ ನೋಡುತ್ತೇನೆ. ಯಾವುದೋ ಊರಿನ ಹುಡುಗ ಒಂದು ಒಳ್ಳೆಯ ಫ್ಯಾಂಟಸಿ ಸರಣಿ ಹೇಳಿ ಎಂದರೆ ಸಾಕು, ನೀನು ‘ಉಪ್ಪುಕೋಟೆ’ ಎನ್ನುತ್ತೀಯ. ಐದೂ ಸಂಪುಟ ಓದಿ, ಕೊನೆಯದನ್ನಂತೂ ಬಿಡಬೇಡಿ, ನಾನು ಅತ್ತುಬಿಟ್ಟೆ ಎಂದು ಬರೆಯುತ್ತೀಯ. ಜನ ನಿನ್ನ ಮಾತು ನಂಬಿ ತರಿಸಿಕೊಳ್ಳುತ್ತಾರೆ. ನನಗೆ ಹೊಟ್ಟೆಕಿಚ್ಚು. ನಾವಿಬ್ಬರೂ ಸಾಲಿಯಲ್ಲಿದ್ದಾಗ ಓದಿದ್ದು ನಾಲ್ಕು ಸಂಪುಟ. ನಾಲ್ಕನೆಯದರ ಕೊನೆಯಲ್ಲಿ ನಕ್ಷೆ ಬರೆಯುವ ಇರ್ಸಾ ಮಳೆಯಲ್ಲಿ ಕೋಟೆಯ ಹೊರಗೆ ನಿಂತಿದ್ದಾಳೆ, ಬೆನ್ನ ಹಿಂದೆ ವೈರಿಗಳು, ಒಳಗೆ ಕೀಲಿ ಹಿಡಿದ ಕಾವಲುಗಾರ ಡೋವನ್. ಅವನು ಬಾಗಿಲು ತೆಗೆದನೋ ಇಲ್ಲವೋ ಗೊತ್ತಿಲ್ಲದೆಯೇ ನನ್ನ ನಿಕಾಹ್ ಆಯಿತು, ಮಗಳು ಹುಟ್ಟಿದಳು, ಈಗ ಅವಳು ಹತ್ತನೇ ಇಯತ್ತೆ. ಐದನೆಯದು ಆರು ವರ್ಷದ ಹಿಂದೆ ಬಂತು ಎಂದು ತಿಳಿದಾಗ ಒಬ್ಬಳೇ ಓದಲು ಮನಸ್ಸಾಗಲಿಲ್ಲ.

ನಿನ್ನ ಪುಸ್ತಕಗಳನ್ನು ಕಲ್ಲಯ್ಯನ ಕೈಯಲ್ಲಿ ಕಳಿಸು. ಮೊದಲಿನಿಂದ ಶುರು ಮಾಡುತ್ತೇನೆ. ಐದನೆಯದಕ್ಕೆ ಬಂದಾಗ ನೀನು ನನ್ನ ಜೊತೆ ಓದಬೇಕು, ಮೊದಲಿನ ಹಾಗೆ. ನಾನು ಕೇಳುತ್ತಿರುವುದು ಇಷ್ಟೇ.

ನಿನ್ನ
ಅರ್ಶಿಯಾ


ರಾಮತೀರ್ಥ ನಗರ, ಬೆಳಗಾವಿ
೧೦ ನವೆಂಬರ್ ೨೦೨೪

ಪ್ರಿಯ ಅರ್ಶಿಯಾ,

ಕಲ್ಲಯ್ಯ ನಿನ್ನ ಕಾಗದವನ್ನು ಫೈಲಿನೊಳಗಿಟ್ಟು, ಸಹಿಗೆ ತಂದವನ ಹಾಗೆ ಮೇಜಿನ ಮೇಲಿಟ್ಟ. “ಭಾಭಿಯವರು ಕೊಟ್ಟಾರ್ರಿ, ಉತ್ತರ ತೊಗೊಂಡ ಬಾ ಅಂದಾರ” ಎಂದ. ಹಾಗೆ ನಿಂತವನ ಎದುರು ಓದಲು ಆಗಲಿಲ್ಲ. ಮನೆಗೆ ತಂದು ಓದಿದೆ.

ನಾವು ಒಬ್ಬರಿಗೊಬ್ಬರು ಕನ್ನಡದಲ್ಲಿ ಬರೆದದ್ದೇ ಇಲ್ಲ, ಗಮನಿಸಿದ್ದೀಯಾ? ಕ್ಯಾಂಪಿನ ಸಾಲಿಯಲ್ಲಿ ಚೀಟಿಗಳೆಲ್ಲ ಇಂಗ್ಲಿಷಿನಲ್ಲಿ. ಉಪ್ಪುಕೋಟೆಯೂ ಇಂಗ್ಲಿಷಿನದೇ. ಆದರೆ ಅದರ ಬಗ್ಗೆ ನಾವು ಜಗಳವಾಡಿದ್ದೆಲ್ಲ ಕನ್ನಡದಲ್ಲಿ, ಖಡೇಬಜಾರದ ಉದ್ದಕ್ಕೂ. ಹಾಗಾಗಿ ಆ ಪುಸ್ತಕ ಯಾವ ಭಾಷೆಯದು ಎಂದು ಯಾರಾದರೂ ಕೇಳಿದರೆ ಈಗಲೂ ಒಂದು ಕ್ಷಣ ತಡವರಿಸುತ್ತೇನೆ. ಒಂಬತ್ತನೇ ಇಯತ್ತೆಯಲ್ಲಿ ಹಲಸಿಗೆ ಟ್ರಿಪ್ ಹೋದದ್ದು ನೆನಪಾಯಿತು. ಆ ಹಳೆಯ ಕಲ್ಲುಗುಡಿಯನ್ನು ಕಂಡದ್ದೇ ಇದೇ ಉಪ್ಪುಕೋಟೆ ಎಂದು ನೀನು ತೀರ್ಮಾನಿಸಿ, ಡೋವನ್‌ನ ಹಾಗೆ ಬಾಗಿಲಿಗೆ ಅಡ್ಡ ನಿಂತು, ಇಡೀ ಕ್ಲಾಸನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದೆ. ಟೀಚರು ಬಂದು ನಿನ್ನ ಕಿವಿ ಹಿಂಡುವವರೆಗೂ ಕದಲಲಿಲ್ಲ.

ಮೊದಲ ಎರಡು ಸಂಪುಟ ಕಳಿಸಿದ್ದೇನೆ. ಒಂದು ಮಾತು. ಗೊತ್ತಿಲ್ಲದವರಿಗೆ ಈ ಸರಣಿಯನ್ನು ಹೇಳುವುದು ನನಗೆ ಸುಲಭ. ಅವರಿಗೆ ಹಿಡಿಸದಿದ್ದರೆ ಅದು ಅವರ ರುಚಿ ಎಂದು ಸುಮ್ಮನಾಗುತ್ತೇನೆ. ನಿನಗೆ ಹೇಳಲು ಹಿಂಜರಿಕೆ. ಹದಿನಾರರಲ್ಲಿ ಪ್ರೀತಿಸಿದ್ದನ್ನು ನಲವತ್ತೈದರಲ್ಲಿ ನೀನು ಓದಿ, ಇದೇನು ಮಕ್ಕಳಾಟ ಎಂದರೆ, ಆ ಮಧ್ಯಾಹ್ನಗಳನ್ನು ನಾನು ಎಲ್ಲಿಡಲಿ? ಇಷ್ಟು ಯೋಚಿಸಬಾರದು. ಆದರೂ ಯೋಚಿಸುತ್ತೇನೆ.

ಐದನೆಯದನ್ನು ಕೂಡಿ ಓದುವ ಮಾತು ಆಮೇಲೆ ನೋಡೋಣ. ನಾನು ಓದಿಯಾಗಿರುವ ಪುಸ್ತಕವಲ್ಲವೇ, ನೀನು ನಿನ್ನ ಪಾಡಿಗೆ ಓದು. ಮುಂದಿನದನ್ನು ಮೊದಲೇ ಹೇಳಿ ರುಚಿ ಕೆಡಿಸುವವಳಲ್ಲ ನಾನು.

ನಿನ್ನ
ಮಾಲಾ


ಖಾನಾಪುರ
೨ ಡಿಸೆಂಬರ್ ೨೦೨೪

ಪ್ರಿಯ ಮಾಲಾ,

ಎರಡೂ ಮುಗಿದವು. ನಿನ್ನ ಮಧ್ಯಾಹ್ನಗಳು ಕ್ಷೇಮವಾಗಿವೆ, ಹೆದರಬೇಡ. ಬದಲಾದದ್ದು ಒಂದೇ. ಆಗ ನಮಗೆ ಇರ್ಸಾ ಒಬ್ಬಳೇ ಕಾಣುತ್ತಿದ್ದಳು. ಈಗ ನನ್ನ ಕಣ್ಣು ಕೋಟೆ ಕಟ್ಟುವವರ ಮೇಲೆ. ಮಳೆಗಾಲ ಬಂದಾಗಲೆಲ್ಲ ಉಪ್ಪಿನ ಗೋಡೆ ಕರಗುತ್ತದೆ, ಮಳೆ ನಿಂತ ಮೇಲೆ ಅದೇ ಜನ ಮತ್ತೆ ಕಟ್ಟುತ್ತಾರೆ. ಅವರ ಹೆಸರೂ ಪುಸ್ತಕದಲ್ಲಿಲ್ಲ. ಇದನ್ನು ನಮ್ಮ ಯಜಮಾನ ಉಜೈರರಿಗೆ ಹೇಳಿದೆ. ಅವರು ಹಂಚು ಎಣಿಸುವುದನ್ನು ನಿಲ್ಲಿಸಿ, “ಮ್ಯಾಲ ನಮ್ಮ ಹಂಚ ಹೊದಿಸಿದ್ರ ಒಂದ ಸಂಪುಟಕ್ಕ ಕಥಿ ಮುಗೀತಿತ್ತು” ಎಂದರು. ಮಗಳು ಶಾಹಜಾದಿ ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿ ಇಟ್ಟಳು. ಈಗಿನ ಮಕ್ಕಳಿಗೆ ಎಲ್ಲವೂ ತೂಕ.

ತೂಕ ಎಂದಾಗ ಬಾಳಾಸಾಹೇಬರು ನೆನಪಾದರು. ಖಡೇಬಜಾರದ ಹಿಂದಿನ ಗಲ್ಲಿಯಲ್ಲಿ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದರಲ್ಲ, ಆ ನಮ್ಮ ಲೈಬ್ರರಿಯವರು. ಜೀವಮಾನದಲ್ಲಿ ಒಂದು ಪುಸ್ತಕ ಓದಿದವರಲ್ಲ. ಯಾವುದು ಚೊಲೋ ಐತ್ರಿ ಎಂದರೆ, ಒಂದನ್ನು ತೆಗೆದು ಅಂಗೈಯಲ್ಲಿಟ್ಟು, “ಇದ ಒಯ್ರಿ ಬಾಯಿ, ವಾರಕ್ಕ ಸಾಕಾಗತೈತಿ” ಎನ್ನುತ್ತಿದ್ದರು. ಉಪ್ಪುಕೋಟೆ ನಮಗೆ ಸಿಕ್ಕಿದ್ದು ಹಾಗೆಯೇ. ಅವರ ತೂಕ ತಪ್ಪಲಿಲ್ಲ ಎಂದುಕೊಂಡರೆ ನಗು ಬರುತ್ತದೆ.

ಮೂರು, ನಾಲ್ಕು ಕಳಿಸು. ಮತ್ತೆ ಒಂದು ಪ್ರಶ್ನೆ. ಐದನೆಯದರ ಕೊನೆಯಲ್ಲಿ ಅತ್ತೆ ಎಂದು ಬರೆದಿದ್ದೀಯ. ಏನಾಯಿತು ಎಂದು ಹೇಳಬೇಡ. ಯಾವ ಜಾಗದಲ್ಲಿ ಅತ್ತೆ? ಕೋಟೆಯೊಳಗೋ, ಹೊರಗೋ? ಅಷ್ಟು ಹೇಳಿದರೆ ಸಾಕು.

ನಿನ್ನ
ಅರ್ಶಿಯಾ


ರಾಮತೀರ್ಥ ನಗರ
೮ ಡಿಸೆಂಬರ್ ೨೦೨೪

ಪ್ರಿಯ ಅರ್ಶಿಯಾ,

ಉಜೈರ ಭಾಯಿಯ ಮಾತನ್ನು ನನ್ನ ಗಂಡ ಬಸವಪ್ರಸಾದನಿಗೆ ಹೇಳಿದೆ. ಊಟ ಮುಗಿಯುವವರೆಗೂ ನಕ್ಕ. ಈ ಮನೆಯಲ್ಲಿ ಉಪ್ಪುಕೋಟೆಯ ಮಾತು ಬಂದದ್ದು ಎಷ್ಟೋ ದಿನದ ಮೇಲೆ.

ಅತ್ತ ಜಾಗ ಕೇಳಿದ್ದೀಯ. ಅದನ್ನೂ ಹೇಳುವುದಿಲ್ಲ. ಒಳಗೆ ಎಂದರೂ ಹೊರಗೆ ಎಂದರೂ ನಿನಗೆ ಅರ್ಧ ಕಥೆ ತಿಳಿದಂತೆ. ಗುಂಪಿನಲ್ಲೂ ಇದೇ ನನ್ನ ನೇಮ. ಓದದವರ ಎದುರು ಕೊನೆಯ ಬಗ್ಗೆ ಒಂದು ಮಾತೂ ಆಡಬಾರದು.

ನಮ್ಮ ಓಣಿಯಲ್ಲಿ ಬೀರೇಶ ಎಂಬ ಹುಡುಗನಿದ್ದಾನೆ, ಬ್ಯಾಂಕಿನಲ್ಲಿ ಕೆಲಸ. ನನ್ನ ಮಾತು ಕೇಳಿ ಐದೂ ತರಿಸಿಕೊಂಡು ಓದಿ ಮುಗಿಸಿದ್ದಾನೆ. ಬೆಳಿಗ್ಗೆ ವಾಕಿಂಗಿಗೆ ಹೋದಾಗ ಎದುರಾಗಿ, “ಅಕ್ಕಾರ, ಕೊನೀದರ ಬಗ್ಗೆ ಕುಂತ ಮಾತಾಡೂಣ್ರಿ, ನನಗ ತಡಕೊಳ್ಳಾಕ ಆಗವಲ್ದು” ಎಂದ. ಅವನ ಮುಖ ಹೊಳೆಯುತ್ತಿತ್ತು. ನಾವೂ ಒಂದು ಕಾಲಕ್ಕೆ ಹಾಗೆಯೇ ಇದ್ದೆವೇನೋ. ಈಗ ನಾನು ಇನ್ನೊಂದು ರಸ್ತೆಯಲ್ಲಿ ವಾಕಿಂಗ್ ಹೋಗುತ್ತೇನೆ. ಅಲ್ಲಿ ಏರು ಕಡಿಮೆ, ಮೊಣಕಾಲಿಗೆ ಒಳ್ಳೆಯದು.

ಉಳಿದ ಮೂರನ್ನೂ ಒಟ್ಟಿಗೇ ಕಳಿಸುತ್ತಿದ್ದೇನೆ. ಮತ್ತೆ ಮತ್ತೆ ಕಲ್ಲಯ್ಯನಿಗೆ ಭಾರ ಹೊರಿಸುವುದು ಸರಿಯಲ್ಲ. ಕೂಡಿ ಓದುವುದು ಈ ಸಲ ಆಗಲಿಕ್ಕಿಲ್ಲ, ಬೇಸರಿಸಬೇಡ. ನೀನು ಮುಗಿಸಿ ಬರೆ.

ನಿನ್ನ
ಮಾಲಾ


ಖಾನಾಪುರ
೬ ಜನವರಿ ೨೦೨೫

ಪ್ರಿಯ ಮಾಲಾ,

ನಾಲ್ಕು ಮುಗಿಸಿ ಐದನೆಯದನ್ನು ಕೈಗೆತ್ತಿಕೊಂಡೆ. ಓದಲು ಬಿಚ್ಚಿಲ್ಲ. ಅದಕ್ಕೆ ಮೊದಲು ಐದನ್ನೂ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ ನೋಡಿದೆ.

ಮೊದಲ ನಾಲ್ಕರ ಬೆನ್ನು ನನ್ನ ಅಂಗೈ ಹಾಗಿದೆ, ಗೆರೆಯ ಮೇಲೆ ಗೆರೆ. ಎರಡನೆಯದರಲ್ಲಿ ಅಕ್ಷರವೇ ಸವೆದಿದೆ. ನೀನು ಅವನ್ನು ಎಷ್ಟು ಸಲ ಓದಿರಬಹುದು ಎಂದು ಪ್ರೀತಿ ಬಂತು. ಐದನೆಯದರ ಬೆನ್ನು ನೆಟ್ಟಗಿದೆ. ಒಂದು ಗೆರೆಯೂ ಇಲ್ಲ. ಅಷ್ಟು ದಪ್ಪ ಪುಸ್ತಕವನ್ನು ಬೆನ್ನು ಮುರಿಯದೆ ಕೊನೆಯವರೆಗೆ ಓದಲು ಯಾರಿಗೂ ಬರುವುದಿಲ್ಲ. ನಾನು ಬೈಂಡರನ ಮಗಳು, ನನಗೆ ಇದಿಷ್ಟು ಗೊತ್ತು.

ನೀನು ಇದನ್ನು ಓದಿಲ್ಲ. ಊರಿನವರಿಗೆಲ್ಲ ಹೇಳುತ್ತೀಯ, ಅತ್ತೆ ಎನ್ನುತ್ತೀಯ. ಬಾಳಾಸಾಹೇಬರಾದರೂ ಪುಸ್ತಕವನ್ನು ಕೈಯಲ್ಲಿ ತೂಗುತ್ತಿದ್ದರು.

ಇದನ್ನು ಬರೆಯಬಾರದು ಎಂದು ವಾರದಿಂದ ಸುಮ್ಮನಿದ್ದೆ. ಏನಾಗಿದೆ ನಿನಗೆ?

ಅರ್ಶಿಯಾ


ರಾಮತೀರ್ಥ ನಗರ
೨೬ ಜನವರಿ ೨೦೨೫

ಅರ್ಶಿಯಾ,

ಉತ್ತರ ತಡವಾಯಿತು. ಆಫೀಸಿನಲ್ಲಿ ಆಡಿಟ್ ಶುರುವಾಗಿದೆ.

ಕೆಲವರು ಪುಸ್ತಕವನ್ನು ಜೋಪಾನವಾಗಿ ಹಿಡಿದು ಓದುತ್ತಾರೆ. ಬೆನ್ನು ನೋಡಿ ಮನುಷ್ಯರನ್ನು ಅಳೆಯುವುದು ನನಗೆ ಸರಿ ಕಾಣಲಿಲ್ಲ. ಐದನೆಯದನ್ನು ಓದುವುದಾದರೆ ಓದಿ ಕಳಿಸು. ಇಲ್ಲದಿದ್ದರೆ ಈಗಲೇ ಕಳಿಸಿಬಿಡು. ಕಪಾಟಿನಲ್ಲಿ ಜಾಗ ಖಾಲಿ ಕಾಣುತ್ತದೆ.

ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರ.

ಮಾಲಾ


ಖಾನಾಪುರ
೨೯ ಜನವರಿ ೨೦೨೫

ಪ್ರಿಯ ಮಾಲಾ,

ನಿನ್ನ ಐದನೆಯ ಸಂಪುಟವನ್ನು ನಿನ್ನೆ ಕೊಯ್ದೆ.

ಕೂಗಬೇಡ, ಪೂರ್ತಿ ಓದು. ಅಬ್ಬಾ ಹೇಗೆ ಮಾಡುತ್ತಿದ್ದರೋ ಹಾಗೆಯೇ ಮಾಡಿದ್ದೇನೆ. ಬೆನ್ನಿಗೆ ಬಿಸಿ ಕೊಟ್ಟು ಅಂಟು ಸಡಿಲಿಸಿ, ನಡುವಿನ ಅಧ್ಯಾಯ ಮುಗಿಯುವ ಜಾಗ ಹುಡುಕಿ, ಅವರದೇ ಕತ್ತಿಯಿಂದ ಎರಡು ಭಾಗ. ಬಾಳಾಸಾಹೇಬರ ಹತ್ತಿರ ಇದ್ದದ್ದು ಒಂದೊಂದೇ ಪ್ರತಿ, ನಾವು ಇಬ್ಬರು, ಇಬ್ಬರಿಗೂ ತಾಳ್ಮೆ ಇಲ್ಲ. ಅಬ್ಬಾ ಅಂಗಡಿಯಲ್ಲಿ ಕೂತು ಪುಸ್ತಕವನ್ನು ಎರಡು ಮಾಡಿ ಕೊಡುತ್ತಿದ್ದರು, ತಿರುಗಿಸುವ ಹಿಂದಿನ ದಿನ ಕೂಡಿಸಿ ಅಂಟಿಸುತ್ತಿದ್ದರು. ಬಾಳಾಸಾಹೇಬರು ಒಮ್ಮೆ ಅನುಮಾನದಿಂದ ನೋಡಿ, “ಬುರಾನುದ್ದೀನಭಾಯಿ ಮಗಳ ಕೈಯಾಗ ಹೋದ ಪುಸ್ತಕ ಹೊಸಾದಾಗಿ ಬರತೈತಲ್ಲ” ಎಂದಿದ್ದರು. ಆರಂಭದಿಂದ ಓದದಿದ್ದರೆ ನಿನಗೆ ಜೀವ ಹೋಗುತ್ತಿತ್ತು, ಅದಕ್ಕೆ ಮೊದಲ ಅರ್ಧ ಯಾವಾಗಲೂ ನಿನಗೆ. ನನಗೆ ಎರಡನೆಯದು. ಹೇಗೆ ಮುಗಿಯಿತು ಎಂದು ನನಗೆ ಗೊತ್ತು, ಯಾಕೆ ಹಾಗಾಯಿತು ಎಂದು ನಿನಗೆ ಗೊತ್ತು. ಅದಲು ಬದಲು ಮಾಡುವವರೆಗೆ ಇಬ್ಬರೂ ಬಾಯಿ ಬಿಡುವಂತಿರಲಿಲ್ಲ. ಆ ವಾರದ ಮಜಾ ಯಾವ ಪುಸ್ತಕದಲ್ಲೂ ಇರಲಿಲ್ಲ.

ನನ್ನ ಅರ್ಧ ಓದಲು ಶುರು ಮಾಡಿದ್ದೇನೆ. ನಿನ್ನ ಅರ್ಧ ಇಲ್ಲೇ ಇದೆ. ಕಲ್ಲಯ್ಯನ ಕೈಯಲ್ಲಿ ಕೊಡುವುದಿಲ್ಲ.

ನಿನ್ನ
ಅರ್ಶಿಯಾ


ರಾಮತೀರ್ಥ ನಗರ
೨ ಫೆಬ್ರವರಿ ೨೦೨೫

ಪ್ರಿಯ ಅರ್ಶಿಯಾ,

ನಿನ್ನ ಕಾಗದ ಓದಿದಾಗ ಸಿಟ್ಟು ಬಂತು. ಬಸವಪ್ರಸಾದನಿಗೆ ತೋರಿಸಿದೆ. “ಕೊಯ್ದಾಳಂದ್ರ ಓದಾಕ ಕೊಯ್ದಾಳ, ನೀ ಯಾಕ ಸುಮ್ನ ಕಪಾಟಿನ್ಯಾಗ ಇಟ್ಟಿದ್ದಿ?” ಎಂದ. ಅವನಿಗೆ ಕೊಡದ ಉತ್ತರವನ್ನು ನಿನಗೆ ಬರೆಯುತ್ತೇನೆ.

ಐದನೆಯ ಸಂಪುಟ ಬಂದ ವಾರ ಅವ್ವ ಆಸ್ಪತ್ರೆಯಲ್ಲಿದ್ದಳು. ಮಧ್ಯಾಹ್ನ, ಅವ್ವ ನಿದ್ದೆಯಲ್ಲಿ. ನಾನು ಪಕ್ಕದ ಸ್ಟೂಲಿನ ಮೇಲೆ ಕುಳಿತು ಮೊದಲ ಅಧ್ಯಾಯ ತೆರೆದಿದ್ದೆ. ಇರ್ಸಾ ಬಾಗಿಲು ಬಡಿಯುತ್ತಿದ್ದಳು. ನಿನಗೆ ಗೊತ್ತಲ್ಲ ನಾನು ಓದುವ ರೀತಿ. ಕರೆದರೆ ಕೇಳುತ್ತಿರಲಿಲ್ಲ. ತಲೆ ಎತ್ತಿದಾಗ ನರ್ಸ್ ಅವ್ವನ ಕೈ ಹಿಡಿದು ನಿಂತಿದ್ದಳು. ಅವಳು ಬಂದದ್ದೂ ನನಗೆ ಗೊತ್ತಾಗಿರಲಿಲ್ಲ.

ಡಾಕ್ಟರು ಹೇಳಿದರು, ನಿದ್ದೆಯಲ್ಲೇ ಜೀವ ಹೋದದ್ದು, ನೀವು ಮುಖ ನೋಡುತ್ತಾ ಕುಳಿತಿದ್ದರೂ ತಿಳಿಯುತ್ತಿರಲಿಲ್ಲ ಎಂದು. ನಾನು ಅದನ್ನು ನಂಬಿದ್ದೇನೆ. ಯಾರೂ ನನ್ನನ್ನು ಏನೂ ಅನ್ನಲಿಲ್ಲ, ನನ್ನನ್ನು ನಾನೂ ಬೈದುಕೊಳ್ಳುವುದಿಲ್ಲ. ಆದರೆ ಆ ದಿನದಿಂದ ಪುಟ ತೆರೆದರೆ ತಲೆ ಎತ್ತಬೇಕೆನಿಸುತ್ತದೆ. ಒಂದು ಸಾಲು ಓದುತ್ತೇನೆ, ಬಾಗಿಲು ನೋಡುತ್ತೇನೆ. ಇನ್ನೊಂದು ಸಾಲು, ಬಸವಪ್ರಸಾದ ಮಲಗಿದ್ದರೆ ಅವನ ಉಸಿರು ನೋಡುತ್ತೇನೆ. ಮನೆಯಲ್ಲಿ ಯಾರೂ ಇಲ್ಲದಾಗಲೂ ನೋಡುತ್ತೇನೆ. ಹೀಗೆ ಓದಿದ್ದು ಓದಲ್ಲ. ಆರು ವರ್ಷವಾಯಿತು, ಐದನೆಯದು ಅಷ್ಟೇ ಅಲ್ಲ, ಯಾವ ಹೊಸ ಪುಸ್ತಕವನ್ನೂ ನಾನು ಮುಗಿಸಿಲ್ಲ.

ಗುಂಪಿನಲ್ಲಿ ಯಾರಾದರೂ ಏನು ಓದಲಿ ಎಂದು ಕೇಳಿದಾಗ, ಆ ಸ್ವಲ್ಪ ಹೊತ್ತು ನಾನು ಮತ್ತೆ ಓದುವವಳಾಗುತ್ತಿದ್ದೆ. ಹೇಳುತ್ತಾ ಹೇಳುತ್ತಾ ಐದನೆಯದನ್ನೂ ಸೇರಿಸಿದೆ. ನಾಲ್ಕನ್ನು ಬರೆದವಳು ಐದನೆಯದನ್ನು ಕೆಟ್ಟದಾಗಿ ಬರೆಯಲಾರಳು ಎಂಬ ಧೈರ್ಯ. ಬೀರೇಶನಿಗೆ ಹಿಡಿಸಿದೆ ಎಂದು ತಿಳಿದಾಗ ಸಮಾಧಾನವೂ ಆಯಿತು, ಅವನ ಮೇಲೆ ಹೊಟ್ಟೆಕಿಚ್ಚೂ ಆಯಿತು.

ಓದುವುದನ್ನು ಬಿಟ್ಟರೆ ನನ್ನಲ್ಲಿ ಉಳಿಯುವುದು ಏನು ಎಂದು ಕೆಲವೊಮ್ಮೆ ಕೇಳಿಕೊಳ್ಳುತ್ತೇನೆ. ಪುಸ್ತಕ ನೀನೇ ಇಟ್ಟುಕೋ. ಪೂರ್ತಿ ನೀನೇ ಓದು.

ನಿನ್ನ
ಮಾಲಾ


ಖಾನಾಪುರ
೫ ಫೆಬ್ರವರಿ ೨೦೨೫

ಪ್ರಿಯ ಮಾಲಾ,

ಹಂಚು ಕೊಳ್ಳಲು ಬಂದ ದಿನ ಕಲ್ಲಯ್ಯ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಹೇಳಿದ: “ಮೊದಲ ಮೇಡಂ ಊಟದ ಹೊತ್ತಿನ್ಯಾಗ ಪುಸ್ತಕ ಹಿಡದ್ರಂದ್ರ ಕರದ್ರೂ ಕೇಳ್ತಿರಲಿಲ್ಲರಿ ಭಾಭಿ. ಈಗ ತೆರದ ಇಟ್ಕೊಂಡ ಬಾಗಲಾ ನೋಡಕೋತ ಕುಂದರತಾರ.” ಎರಡು ದಿನ ಬಿಟ್ಟು ನಿನಗೆ ಮೊದಲ ಕಾಗದ ಬರೆದೆ. ಡೋವನ್ ಬಾಗಿಲು ತೆಗೆದನೋ ಇಲ್ಲವೋ ಎಂಬ ಕುತೂಹಲ ಖರೇ. ಆದರೆ ಬರೆದದ್ದು ಅದಕ್ಕಲ್ಲ. ನೇರವಾಗಿ ಕೇಳಿದರೆ ನೀನು ಆಡಿಟ್ ಇದೆ ಎನ್ನುತ್ತಿದ್ದೆ.

ಇರ್ಸಾಳನ್ನು ಬಾಗಿಲ ಹೊರಗೆ ನಿಲ್ಲಿಸಿ ನಾನೊಬ್ಬಳೇ ಮುಂದೆ ಹೋಗಲಾರೆ. ನನಗೆ ಮೊದಲ ಅರ್ಧ ಓದಿದವಳು ಬೇಕು, ಇಲ್ಲದಿದ್ದರೆ ನನ್ನ ಅರ್ಧದಲ್ಲಿ ಜನ ಯಾಕೆ ಹೀಗೆ ಮಾಡುತ್ತಿದ್ದಾರೆ ಎಂದೇ ತಿಳಿಯುವುದಿಲ್ಲ.

ಭಾನುವಾರ ಬಾ. ಉಜೈರ ಹಂಚು ಒಯ್ದುಕೊಂಡು ಬೀಡಿ ಊರಿಗೆ ಹೋಗುತ್ತಾರೆ, ಶಾಹಜಾದಿಗೆ ಟ್ಯೂಷನ್. ಕಟ್ಟೆಯ ಮೇಲೆ ನೆರಳಿದೆ. ಓದಲಾಗದಿದ್ದರೆ ಚಹಾ ಕುಡಿದು ಹೋಗು.

ನಿನ್ನ
ಅರ್ಶಿಯಾ


ಸುಳೇಭಾವಿ ಸ್ಟೇಷನ್
೯ ಫೆಬ್ರವರಿ ೨೦೨೫, ಸಂಜೆ

ಪ್ರಿಯ ಅರ್ಶಿಯಾ,

ಪರ್ಸಿನಲ್ಲಿದ್ದ ಆಫೀಸಿನ ಹಾಳೆಯ ಹಿಂಬದಿಯಲ್ಲಿ, ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಓದಿಕೊ. ನಾನು ಸುಳೇಭಾವಿಯಲ್ಲಿ ಯಾಕಿದ್ದೇನೆ ಎಂದು ಕೇಳುತ್ತೀಯ. ಹೇಳ್ತೀನಿ, ತಾಳು.

ಬೆಳಿಗ್ಗೆ ನಿನ್ನ ಕಟ್ಟೆಯ ಮೇಲೆ ಕುಳಿತಾಗ ನನ್ನ ಕಡೆಯಿಂದ ಹೇಗಿತ್ತು ಎಂದು ನಿನಗೆ ಗೊತ್ತಿಲ್ಲ. ಅರ್ಧ ಪುಸ್ತಕ ಕೈಯಲ್ಲಿ ಹಗುರವಾಗಿತ್ತು. ಮೊದಲ ಪುಟ ಅದೇ, ಇರ್ಸಾ ಬಾಗಿಲು ಬಡಿಯುವುದು. ಒಂದು ಸಾಲು ಓದಿದೆ, ತಲೆ ಎತ್ತಿದೆ. ಹಂಚಿನ ಸಾಲು, ಗೇಟು, ನೀನು. ಮತ್ತೊಂದು ಸಾಲು, ಮತ್ತೆ ಗೇಟು, ಮತ್ತೆ ನೀನು. ಇದು ಆಗುವ ಮಾತಲ್ಲ ಎಂದು ಪುಸ್ತಕ ಮುಚ್ಚುತ್ತಿದ್ದೆ. ಆಗ ನೀನು ನಿನ್ನ ಅರ್ಧವನ್ನು ಕೆಳಗಿಟ್ಟು ಅಂದೆ: “ನೋಡೂ ಕೆಲಸ ನನಗ ಕೊಡು. ಯಾರರೆ ಬಂದ್ರ, ಏನರೆ ಆದ್ರ ನಾ ಹೇಳತೀನಿ. ನೀ ಓದು.”

ಆಮೇಲೂ ಎರಡು ಮೂರು ಸಲ ಕದ್ದು ನೋಡಿದೆ. ನೀನು ನಿಜವಾಗಿಯೂ ಗೇಟನ್ನೇ ನೋಡುತ್ತಾ ಕುಳಿತಿದ್ದೆ. ಕೈಯಲ್ಲಿ ಪುಸ್ತಕವಿಲ್ಲ, ಫೋನಿಲ್ಲ. ನಗು ಬಂತು. ಆಮೇಲೆ ಯಾವಾಗ ನೋಡುವುದನ್ನು ಬಿಟ್ಟೆನೋ ತಿಳಿಯದು. ನೀನು ಎದುರಿಗೆ ಇಟ್ಟ ಚಹಾದ ಮೇಲೆ ಕೆನೆ ಕಟ್ಟಿತ್ತು. ಶಾಹಜಾದಿ ಬಂದು, “ಅಮ್ಮೀ, ಖಾಲಾ ಮಾತಾಡಂಗಿಲ್ಲೇನು?” ಎಂದಾಗಲೇ ನನಗೆ ಹೊತ್ತಾದದ್ದು ಗೊತ್ತಾದದ್ದು. ನಾನು ಬರುತ್ತೇನೆಂದು ತಿಳಿದ ಮೇಲೆ ನೀನು ನಿನ್ನ ಅರ್ಧವನ್ನು ಮುಗಿಸಿಯೇ ಇಟ್ಟಿದ್ದೆ ಎಂದೂ ಆಗಲೇ ಗೊತ್ತಾಯಿತು. ಡೋವನ್ ಏನು ಮಾಡಿದ ಎಂದು ನಿನ್ನ ಮುಖದಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ. ಹದಿನಾರರಲ್ಲೂ ನೀನು ಇಷ್ಟೇ ಗಟ್ಟಿ.

ಗಾಡಿಯಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಒಂದೇ ಪುಟ ನೋಡೋಣ ಎಂದು ತೆಗೆದೆ. ಇರ್ಸಾ ಬಾಗಿಲು ಬಿಟ್ಟು ಗೋಡೆಯನ್ನೇ ಮುಟ್ಟುತ್ತಾಳೆ, ಅಂಗೈ ನೆಕ್ಕಿ ನೋಡುತ್ತಾಳೆ, ಆ ಭಾಗ. ನೀನು ಇನ್ನೂ ಓದಿಲ್ಲ, ನಾನು ಮುಂದೆ ಹೇಳುವುದಿಲ್ಲ. ಎದುರಿಗೆ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಒಬ್ಬ ಅಜ್ಜಿ ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ ನನ್ನ ಮೊಣಕಾಲು ತಟ್ಟಿದಳು. “ಎಲ್ಲಿ ಇಳಿಯಾಕಿ ಯವ್ವಾ?” ಬೆಳಗಾವಿ ಎಂದೆ, ಕಣ್ಣು ತೆಗೆಯದೆ. “ಬೆಳಗಾವಿ ಆಗಳೇ ಹೋತು. ಅರ್ಧ ಡಬ್ಬಿ ಇಳದ್ರು, ನೀ ಅಲ್ಲಾಡ್ಲಿಲ್ಲ. ಇವ್ರು ಮುಂದ ಹೋಗವ್ರಂತ ನಾ ಸುಮ್ನ ಕುಂತೆ.”

ಅಲ್ಲಿ ಗಾಡಿ ಸಾಕಷ್ಟು ಹೊತ್ತು ನಿಂತಿರಬೇಕು. ಚಹಾದವರು ಕೂಗಿರಬೇಕು, ಜನ ನನ್ನ ಕಾಲು ದಾಟಿ ಹೋಗಿರಬೇಕು. ನನಗೆ ಒಂದೂ ಕೇಳಿಸಲಿಲ್ಲ. ಇಲ್ಲಿ ಇಳಿದ ಕೂಡಲೇ ಬಸವಪ್ರಸಾದನಿಗೆ ಫೋನ್ ಮಾಡಿದೆ. ಮನೆಯಲ್ಲಿ ಕ್ರಿಕೆಟ್ ನೋಡುತ್ತಿದ್ದ. ಏನೂ ಆಗಿರಲಿಲ್ಲ, ಅರ್ಶಿಯಾ. ನಾನು ತಲೆ ಎತ್ತದೆ ಇದ್ದಷ್ಟೂ ಹೊತ್ತು ಎಲ್ಲರೂ ಅವರವರ ಜಾಗದಲ್ಲಿ ಚೆನ್ನಾಗಿದ್ದರು.

ಮಂಗಳವಾರ ಬೆಳಿಗ್ಗೆ ಎರಡನೆಯ ಅರ್ಧವನ್ನು ಕಲ್ಲಯ್ಯನ ಕೈಯಲ್ಲಿ ಕಳಿಸು. ಇದು ಇವತ್ತೇ ಮುಗಿಯುತ್ತದೆ, ನಾಳೆ ಸಂಜೆ ಈ ಕಾಗದದ ಜೊತೆ ಅವನ ಕೈಯಲ್ಲೇ ನಿನಗೆ ಕಳಿಸುತ್ತೇನೆ.

ಹಿಂದಕ್ಕೆ ಹೋಗುವ ಗಾಡಿ ಬರುತ್ತಿದೆ ಎಂದು ಕೂಗುತ್ತಿದ್ದಾರೆ. ಈ ಸಲ ಬಾಜೂ ಕುಳಿತವರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಓದುತ್ತಿರುತ್ತೇನೆ, ಬೆಳಗಾವಿ ಬಂದಾಗ ಸ್ವಲ್ಪ ಕರೆಯಿರಿ ಎಂದು.

ನಿನ್ನ
ಮಾಲಾ